ಕುಂಕುಮ ಇಡಿಸಿಕೊಂಡ ಟ್ಯಾರೋ ಕಾರ್ಡು

ಪಿಎಚ್‌ಡಿ ಪ್ರಬಂಧ ಬರೆಯುತ್ತ ತಲೆ ಕೆಟ್ಟಾಗಲೆಲ್ಲ ಭವಿಷ್ಯ ನೋಡುವ ಟ್ಯಾರೋ ಕಟ್ಟಿನಿಂದ ನಾನೊಂದು ಕಾರ್ಡು ಎತ್ತುತ್ತೇನೆ. ಭವಿಷ್ಯ ತಿಳಿಯೋಕಲ್ಲ, ಚಿತ್ರ ನೋಡುತ್ತ ನನ್ನನ್ನೇ ಪ್ರಶ್ನೆ ಕೇಳಿಕೊಳ್ಳೋಕೆ. ಹೊಳಲ್ಕೆರೆಯ ಬಾಡಿಗೆ ರೂಮಿನಲ್ಲಿ ಒಂದು ಬೆಳಿಗ್ಗೆ ಬಂದದ್ದು ಸಾವಿನ ಕಾರ್ಡು: ಬಿಳಿ ಕುದುರೆ ಏರಿದ ಅಸ್ಥಿಪಂಜರ. ಯಾವುದಕ್ಕೆ ಅಂತ್ಯ ಹಾಡಬೇಕು ಅನ್ನೋದು ಅದರ ಪ್ರಶ್ನೆ. ವರ್ಷವಿಡೀ ತಿದ್ದಿದ ಮೂರನೇ ಅಧ್ಯಾಯವನ್ನು ಕೈಬಿಡಬೇಕೆಂದು ನನಗೂ ಗೊತ್ತಿತ್ತು. ಮನಸ್ಸು ಬರಲಿಲ್ಲ. ಕಾರ್ಡನ್ನು ಮೇಜಿನ ಮೇಲೆಯೇ ಬಿಟ್ಟು ಕಾಲೇಜಿಗೆ ಹೋದೆ.

ಸಂಜೆ ಬಂದು ನೋಡಿದರೆ ಅದಕ್ಕೆ ಅರಿಶಿನ, ಕುಂಕುಮ, ಮೇಲೊಂದು ಸೇವಂತಿಗೆ! ನನ್ನ ಒಣಗಿದ ಬಟ್ಟೆ ಒಳಗಿಡಲು ಬಂದಿದ್ದ ಮನೆ ಓನರಮ್ಮನ ಕೆಲಸ.

"ನಮ್ಮ ಮನೆದೇವ್ರೂ ಬಿಳಿ ಕುದ್ರೆ ಮ್ಯಾಲೇ ಬರೋದು ಕಣಮ್ಮ. ಹಿಂಗೆ ಪೂಜೆ ಇಲ್ದೆ ಬಿಟ್ಟು ಹೋಗ್ತಾರೇನು?" ಎಂದು ನನ್ನನ್ನೇ ಗದರಿದರು.

ಸುಮ್ಮನಿರಲು ಆಗಲಿಲ್ಲ. "ಅಮ್ಮಾ, ಅದು ದೇವರಲ್ಲ, ಸಾವು" ಅಂದೆ.

ಕನ್ನಡಕ ಹಾಕಿಕೊಂಡು ಬಂದು ಆ ಬುರುಡೆಯನ್ನು ಹತ್ತಿರದಿಂದ ನೋಡಿದರು.

"ಪಾಪ, ಇವನಿಗೆ ಯಾರು ಹೂವ ಇಡ್ತಾರೆ? ಇರ್ಲಿ ಬಿಡಮ್ಮ" ಅಂದರು.

ಅವತ್ತೇ ಮೂರನೇ ಅಧ್ಯಾಯ ಕಿತ್ತುಹಾಕಿದೆ. ಕಾರ್ಡಿನ ಅಂಚಿಗೆ ಹತ್ತಿದ ಅರಿಶಿನ ಮಾತ್ರ ಹೋಗಲೇ ಇಲ್ಲ. ಈಗ ಕಾರ್ಡುಗಳನ್ನು ಎಷ್ಟೇ ಕಲೆಸಿ ಮಗುಚಿಟ್ಟರೂ ಸಾವು ಎಲ್ಲಿದೆಯೆಂದು ನನಗೆ ಮೊದಲೇ ಗೊತ್ತಾಗುತ್ತದೆ. ಈ ಅನುಕೂಲ ಇನ್ಯಾರಿಗಿದೆ ಹೇಳಿ!