ಗ್ರಾಸಿಯಸ್ ಎಂದರೆ ಸಾಕು

ಜುನಿಲ್ದಾ ಬ್ರಿತೆಸ್ ಭಾನುವಾರ ಸಂಜೆ ಸತ್ತಳು. ವಯಸ್ಸು ನಲವತ್ತಾರು. ಚಿಕ್ಕಂದಿನ ಜ್ವರವೊಂದು ಹೃದಯದ ಕವಾಟವನ್ನು ಹಾಳುಮಾಡಿತ್ತು, ಅದು ಯಾರಿಗೂ ಗೊತ್ತಾಗಿರಲಿಲ್ಲ ಎಂದರು ಡಾಕ್ಟರು. ಪಿಲಾರ್ ಊರಿನ ನದಿದಂಡೆಯ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಮೂರನೇ ಕ್ಲಾಸಿಗೆ ಪಾಠ ಹೇಳಿದ್ದಳು. ಕಳೆದ ಹತ್ತು ತಿಂಗಳು ಮನೆಯಲ್ಲೇ ಇದ್ದಳು.

ಒಂಬತ್ತು ದಿನದ ಪ್ರಾರ್ಥನೆಯಲ್ಲಿ ಏಳನೆಯ ದಿನ, ಅವಳ ಚಿಕ್ಕಮ್ಮ ಪಾಬ್ಲಾ ರೊಟ್ಟಿ ಹಂಚುವ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ನಿಮಿಯಾಳ ಪಕ್ಕ ಬಂದು ಕೂತಳು. ನಿಮಿಯಾ ಅದೇ ಶಾಲೆಯ ಆಫೀಸಿನವಳು.

"ನಾಡಿದ್ದು ಸಮಾಧಿಯ ಶಿಲುಬೆಗೆ ಬಟ್ಟೆ ನೀನೇ ಕಟ್ಬೇಕು ಮಗಳೇ. ಹತ್ತಿರದ ಗೆಳತಿ ಅಲ್ವಾ ಕಟ್ಟೋದು."

"ನಾಳೆ ಹೇಳ್ತೀನಿ ಚಿಕ್ಕಮ್ಮ."

"ಹೇಳೋದೇನಿದೆ ಇದ್ರಲ್ಲಿ? ಗೆಳತಿ ಹೌದೋ ಅಲ್ವೋ?"

ನಿಮಿಯಾಳಿಗೆ ಗೊತ್ತಿಲ್ಲದಿದ್ದದ್ದೇ ಅದು.

ಶಾಲೆಯ ಜಗಲಿಯಲ್ಲಿ ಹತ್ತು ಗಂಟೆಯ ಬಿಡುವಿಗೆ ಎಲ್ಲರೂ ತೆರೆರೆ ಕುಡಿಯಲು ಸೇರುತ್ತಿದ್ದರು. ಜಜ್ಜಿದ ಪುದೀನ ಹಾಕಿದ ಐಸ್ ನೀರಿನ ಹೂಜಿ, ಎಲೆಪುಡಿ ತುಂಬಿದ ಒಂದೇ ಒಂದು ಕೊಂಬಿನ ಲೋಟ, ಹೀರಲು ಒಂದೇ ಕೊಳವೆ. ನೀರು ಹೊಯ್ಯುವವಳು ನಿಮಿಯಾ. ಅವಳು ಹೊಯ್ದು ಕೊಟ್ಟದ್ದನ್ನು ಒಬ್ಬರು ಹೀರಿ ಲೋಟವನ್ನು ಅವಳಿಗೇ ಕೊಡಬೇಕು, ಆಮೇಲೆ ಮುಂದಿನವರ ಸರದಿ. ಸಾಕಾದವರು ಲೋಟ ಕೊಡುವಾಗ 'ಗ್ರಾಸಿಯಸ್' ಎನ್ನುತ್ತಾರೆ. ಬೇರೆ ಕಡೆ ಅದು ಬರೀ ಥ್ಯಾಂಕ್ಸ್. ಇಲ್ಲಿ ಮಾತ್ರ ಅದಕ್ಕೆ ಇನ್ನು ನನಗೆ ಬೇಡ ಎಂದೇ ಅರ್ಥ. ಹೂಜಿ ಅವರನ್ನು ದಾಟಿ ಹೋಗುತ್ತದೆ.

ಜುನಿಲ್ದಾ ಒಂದು ದಿನವೂ ಆ ಮಾತು ಹೇಳಿದವಳಲ್ಲ. ಹೂಜಿ ಬರಿದಾಗುವವರೆಗೂ ಕೂತಿದ್ದು ಕುಡಿಯುವಳು.

"ಟೀಚರೇ, ಅದೇನು ಹೊಟ್ಟೇನೋ ನದೀನೋ?" ಎಂದು ಆಟದ ಮೇಷ್ಟ್ರು ಏವೆರ್ ಕೆಣಕುತ್ತಿದ್ದ. "ನಿಮಗೆ ನೆರೆ ಬಂದ್ರೆ ಮೊದ್ಲು ಮುಳುಗೋದು ನನ್ನ ಫುಟ್‌ಬಾಲ್ ಮೈದಾನ!"

ಎಲ್ಲರೂ ನಗುವರು. ಜುನಿಲ್ದಾಳೂ ನಗುವಳು, ಎಲ್ಲರಿಗಿಂತ ಒಂದು ಉಸಿರು ತಡವಾಗಿ.

ಒಮ್ಮೆ ಮನೆಗೆ ನಡೆಯುವಾಗ ಅವಳು ಕೇಳಿದ್ದಳು: "ನಿನ್ನ ನಗು ನಾನು ತಗೊಂಡಿದೀನಿ. ಬೇಜಾರಿಲ್ಲ ತಾನೇ?"

"ಅಂದ್ರೆ ಏನೇ?"

"ನಿನ್ನ ಥರಾನೇ ನಗ್ತೀನಿ. ಮನೇಲಿ ಕನ್ನಡಿ ಮುಂದೆ ಪ್ರಾಕ್ಟೀಸ್ ಮಾಡ್ತೀನಿ."

ಒಳ್ಳೇ ಜೋಕು ಎಂದುಕೊಂಡು ನಿಮಿಯಾ ಬಿದ್ದು ಬಿದ್ದು ನಕ್ಕಳು. ಒಂದು ಉಸಿರು ಬಿಟ್ಟು ಜುನಿಲ್ದಾಳೂ ನಕ್ಕಳು.

ಎರಡು ಸೆಕ್ಷನ್ ಸೇರಿಸಿ ನಲವತ್ತೇಳು ಮಕ್ಕಳನ್ನು ಒಂದೇ ಕೋಣೆಗೆ ತುಂಬಿದ ವರ್ಷ ಅವಳು ಕುಸಿಯತೊಡಗಿದಳು. ಬೋರ್ಡಿನ ಮುಂದೆ ಸೀಮೆಸುಣ್ಣ ಹಿಡಿದು ನಿಂತವಳಿಗೆ ಪದ ಸಿಗುತ್ತಿರಲಿಲ್ಲ. ಗಂಟೆ ಹೊಡೆದರೆ ಯಾರೋ ಹೊಡೆದಂತೆ ಮುದುಡುತ್ತಿದ್ದಳು. ಬಿಡುವಿಗೆ ನಕಾಶೆಗಳನ್ನಿಡುವ ಕೋಣೆಯಲ್ಲಿ ದೀಪ ಆರಿಸಿ ಕೂರುತ್ತಿದ್ದಳು. ನಿಮಿಯಾ ಹೋಗಿ ಕೈ ಹಿಡಿದು ಎಳೆದು ತರುವಳು: "ಬಾರೇ ಮಾರಾಯ್ತಿ, ಒಬ್ಳೇ ಕೂತ್ರೆ ತಲೆ ಕೆಡುತ್ತೆ. ನಾಲ್ಕು ಜನರ ಮಧ್ಯೆ ಕೂತ್ರೆ ಎಲ್ಲಾ ಸರಿಹೋಗುತ್ತೆ."

ಆಗಸ್ಟಿನ ಒಂದು ಗುರುವಾರ ಹಾಗೆ ಎಳೆದು ತಂದು ಕೂರಿಸಿ ಮೊದಲ ಲೋಟ ಅವಳಿಗೇ ಕೊಟ್ಟಳು. ಜುನಿಲ್ದಾ ಅದನ್ನು ತುಟಿಗೂ ತಾಗಿಸಲಿಲ್ಲ. ತುಂಬಿದ ಲೋಟವನ್ನು ಹಾಗೇ ವಾಪಸ್ಸು ಕೊಟ್ಟು "ಗ್ರಾಸಿಯಸ್" ಎಂದಳು.

"ಅಯ್ಯಯ್ಯೋ, ನದಿ ಬತ್ತಿಹೋಯ್ತು!" ಎಂದ ಏವೆರ್. ಯಾರೂ ನಗಲಿಲ್ಲ. ಅವಳು ಚೀಲ ತೆಗೆದುಕೊಂಡು ಗೇಟು ದಾಟಿ ಹೋದಳು, ಮತ್ತೆ ಶಾಲೆಗೆ ಬರಲಿಲ್ಲ.

ರಾಜಧಾನಿಯ ಡಾಕ್ಟರು ಆಟಿಸಮ್ ಎಂದರಂತೆ. ಸುದ್ದಿ ತಂದವಳು ಪಾಬ್ಲಾ.

"ಚಿಕ್ಕಮ್ಮ, ಅದು ಮಕ್ಕಳಿಗೆ ಬರೋದಲ್ವಾ?"

"ಆ ಮಕ್ಕಳು ದೊಡ್ಡೋರಾಗಲ್ವೇನೇ? ಹುಟ್ಟಿದಾಗಿಂದ್ಲೂ ಇತ್ತಂತೆ. ನಲವತ್ತು ವರ್ಷ ಬೇರೆಯೋರ ಥರ ಇರೋಕೆ ಹೋಗಿ ಒಳಗಿನ ಎಣ್ಣೆ ತೀರಿದೆ ಅಂದ್ರು. ನಿದ್ದೆ ಮಾಡಿದ್ರೆ ಹೋಗೋ ಸುಸ್ತಲ್ಲ ಇದು. ಗೆಣಸು ಸುಲಿಯೋಕೆ ಕೂತ್ರೆ ಚಾಕು ನೋಡ್ತಾ ಕೂತಿರ್ತಾಳೆ, ಮುಂದೇನು ಅಂತ ಹೊಳೆಯಲ್ಲ."

ನಿಮಿಯಾ ಅವತ್ತಿಡೀ ಅದನ್ನೇ ಯೋಚಿಸಿದಳು. ನಗು ತನ್ನದೇ ನಕಲಾಗಿದ್ದರೆ, ಇಪ್ಪತ್ತು ವರ್ಷ ತನ್ನ ಜೊತೆ ನಡೆದವಳು ಯಾರು? ತಾನು ಇಷ್ಟಪಟ್ಟದ್ದು ಅವಳನ್ನೋ, ಅವಳಲ್ಲಿ ಕಂಡ ತನ್ನದೇ ಪ್ರತಿಬಿಂಬವನ್ನೋ? ಜಗಲಿಗೆ ಎಳೆದು ತರುತ್ತಿದ್ದದ್ದು ಉಪಕಾರವೋ, ಹಿಂಸೆಯೋ?

ಜುನಿಲ್ದಾಳ ಮನೆಗೆ ಹೋದರೆ ಬಾಗಿಲು ಒಂದು ಗೇಣು ತೆರೆಯಿತು. ಸಂದಿನಿಂದ ಒಂದು ಚೀಟಿ ಬಂತು: "ಇವತ್ತು ಮಾತು ಬರ್ತಿಲ್ಲ. ಕೋಪ ಅಲ್ಲ." ಕೋಪ ಅಲ್ಲ ಎಂದು ಬರೆಯುವವರು ಕೋಪದಲ್ಲೇ ಇರುತ್ತಾರೆ ಎಂದುಕೊಂಡು ನಿಮಿಯಾ ಹಿಂತಿರುಗಿದಳು. ಆಮೇಲೆ ತಡೆಯಲಾರದೆ ಫೋನಿಗೆ ಬರೆದಳು: "ಅವತ್ತು ನನಗೆ ಗ್ರಾಸಿಯಸ್ ಅಂದೆಯಲ್ಲ, ಯಾಕೆ?" ಹನ್ನೊಂದು ದಿನದ ಮೇಲೆ ಉತ್ತರ ಬಂತು: "ಸಾಕಾಗಿತ್ತು."

ಏನು ಸಾಕಾಗಿತ್ತು? ತೆರೆರೆಯೋ, ಗದ್ದಲವೋ, ನಾನೋ? ಕೇಳುವ ಧೈರ್ಯವಾಗಲಿಲ್ಲ. ತಿಂಗಳುಗಟ್ಟಲೆ ಇಬ್ಬರೂ ಸುಮ್ಮನಿದ್ದರು.

ಎಂಟನೆಯ ದಿನದ ಪ್ರಾರ್ಥನೆ ಮುಗಿದ ಮೇಲೆ ನಿಮಿಯಾ ಇದನ್ನೆಲ್ಲ ಪಾಬ್ಲಾಳಿಗೆ ಹೇಳಿಬಿಟ್ಟಳು. "ಗೆಳತಿ ಹೌದೋ ಅಲ್ವೋ ನಂಗೇ ಗೊತ್ತಿಲ್ಲ ಚಿಕ್ಕಮ್ಮ. ಗ್ರಾಸಿಯಸ್ ಅಂದು ಎದ್ದು ಹೋದ್ಲು."

ಮುದುಕಿ ಹೊದ್ದಿದ್ದ ಕರಿ ಶಾಲನ್ನು ಮಡಿಸಿಟ್ಟಳು.

"ಐದು ವರ್ಷದೋಳಿದ್ದಾಗ ಅವಳಜ್ಜಿ ಜೊತೆ ತೆರೆರೆಗೆ ಕೂತು ಗ್ರಾಸಿಯಸ್ ಅಂದ್ಲು. ಅಜ್ಜಿ ತಮಾಷೆಗೆ, 'ಆಯ್ತು, ಇನ್ಮೇಲೆ ಸಾಯೋತನಕ ನಿಂಗಿಲ್ಲ ಹೋಗು' ಅಂದ್ರು. ಈ ಹುಡುಗಿ ಎರಡು ದಿನ ಅತ್ತಿತ್ತು. ಅದಾದ್ಮೇಲೆ ಯಾರ ಹತ್ರಾನೂ ಆ ಮಾತು ಹೇಳ್ಲಿಲ್ಲ. ಆ ದಿನದ ಮಟ್ಟಿಗೆ ಅಷ್ಟೇ ಕಣೇ ಅಂತ ಎಷ್ಟು ಹೇಳಿದ್ರೂ ನಂಬ್ಲಿಲ್ಲ."

"ಹಾಗಾದ್ರೆ ನನಗೆ ಹೇಳಿದ್ದು ಸಾಯೋತನಕಾನಾ?"

"ನಂಗೇನು ಗೊತ್ತು ಮಗಳೇ. ತೀರಿಹೋದ ಆ ಭಾನುವಾರ ಮಧ್ಯಾಹ್ನ ಅವಳೇ ನಿಮ್ಮನೆಗೆ ಬಂದಿದ್ಲಲ್ಲ, ಏನಂದ್ಲು?"

ಒಂಬತ್ತನೆಯ ದಿನ ನಿಮಿಯಾ ಶಿಲುಬೆಗೆ ಬಟ್ಟೆ ಕಟ್ಟಿದಳು. ಗಂಟು ಎರಡು ಸಲ ಸಡಿಲಾಯಿತು. ಅನುಮಾನ ಹೋಗಿ ಕಟ್ಟಿದ್ದಲ್ಲ. ಆ ಭಾನುವಾರ ನಡೆದದ್ದಕ್ಕಾಗಿ ಕಟ್ಟಿದಳು.

ಊಟದ ನಂತರ ಊರೆಲ್ಲ ಮಲಗಿರುವ ಹೊತ್ತಿನಲ್ಲಿ, ಹತ್ತು ತಿಂಗಳ ಮೇಲೆ, ಜುನಿಲ್ದಾ ನಿಮಿಯಾಳ ಅಂಗಳಕ್ಕೆ ಬಂದಿದ್ದಳು. ಸೊರಗಿದ್ದಳು. ಬೆತ್ತದ ಕುರ್ಚಿಯಲ್ಲಿ ಕೂತಳು. ಏನು ಕೇಳಬೇಕೋ ತೋಚದೆ ನಿಮಿಯಾ ಲೋಟಕ್ಕೆ ನೀರು ಹೊಯ್ದು ಕೊಟ್ಟಳು. ಅವಳು ಹೀರಿ ವಾಪಸ್ಸು ಕೊಟ್ಟಳು. ನಿಮಿಯಾ ಮತ್ತೆ ಹೊಯ್ದಳು, ಅವಳು ಮತ್ತೆ ಹೀರಿ ಕೊಟ್ಟಳು. ನಿಮಿಯಾ ನಗಲಿಲ್ಲ, ಅವಳೂ ನಗಲಿಲ್ಲ. ಆ ಮುಖವನ್ನು ನಿಮಿಯಾ ಹಿಂದೆಂದೂ ನೋಡಿರಲಿಲ್ಲ. ಒಂಬತ್ತು ಲೋಟಕ್ಕೆ ಹೂಜಿ ಬರಿದಾಯಿತು. ಕೊನೆಯ ಸಲ ಲೋಟ ತೆಗೆದುಕೊಳ್ಳುವಾಗ ನಿಮಿಯಾ ಅವಳ ತುಟಿಯನ್ನೇ ನೋಡುತ್ತಿದ್ದಳು. ಜುನಿಲ್ದಾ ಏನೂ ಅನ್ನಲಿಲ್ಲ. ಎದ್ದು, ಖಾಲಿ ಹೂಜಿಯನ್ನು ಅಡುಗೆಮನೆಗೆ ಒಯ್ದು, ನೀರು ತುಂಬಿ, ಐಸ್ ಹಾಕಿ ತಂದು ನಿಮಿಯಾಳ ಕಾಲ ಬಳಿ ಇಟ್ಟು ಹೋದಳು.