ರೈಲು ನೋಡಿ ಗಂಟೆ ಹೊಡೆಯುತ್ತಿದ್ದ ಕಾಲೇಜು

ಅರವತ್ತರ ದಶಕದಲ್ಲಿ ಕಡೂರಿನ ನಮ್ಮ ಸರ್ಕಾರಿ ಕಾಲೇಜಿನ ಮೊದಲ ಗಂಟೆ ಹೊಡೆಯುತ್ತಿದ್ದದ್ದು ಗಡಿಯಾರ ನೋಡಿ ಅಲ್ಲ, ಅಜ್ಜಂಪುರದ ರೈಲು ನೋಡಿ. ಆ ರೈಲಿನಲ್ಲಿ ಓಡಾಡುತ್ತಿದ್ದ ನಾವು ಸ್ಟೇಷನ್ನಿನಿಂದ ಬರುವುದು ಕಂಡ ಮೇಲೆಯೇ ಜವಾನ ಸುತ್ತಿಗೆ ಎತ್ತುತ್ತಿದ್ದ. ನಾನು ಎರಡನೇ ವರ್ಷಕ್ಕೆ ಕಾಲಿಟ್ಟಾಗ ಹೊಸ ಪ್ರಿನ್ಸಿಪಾಲರು ಬಂದು ಆ ಪದ್ಧತಿ ನಿಲ್ಲಿಸಿದರು. ಎಂಟು ಎಂದರೆ ಎಂಟು. ಶಿಸ್ತು ನನಗೂ ಇಷ್ಟವೇ. ಇವತ್ತಿಗೂ ಐದಕ್ಕೆ ಏಳುತ್ತೇನೆ. ಆದರೆ ರೈಲಿಗೆ ಶಿಸ್ತು ಕಲಿಸುವುದು ನನ್ನ ಕೈಯಲ್ಲಿರಲಿಲ್ಲ.

ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುತ್ತಿರಲಿಲ್ಲ. ಅಪ್ಪ ಮೊದಲೇ ಹೇಳಿದ್ದರು: "ಕಾಲೇಜಿಂದ ಒಂದು ಕಾಗ್ದ ಬರ್ಲಿ, ಅವತ್ತೇ ಓದು ಮುಗೀತು." ಓದು ಮುಗಿದ ಮೇಲೆ ಏನು ಎಂಬುದಕ್ಕೆ ತರೀಕೆರೆಯಲ್ಲಿ ಒಬ್ಬ ವರನೂ ಸಿದ್ಧನಿದ್ದ.

ತರಗತಿಯಲ್ಲಿ ಹುಡುಗಿಯರು ಇಬ್ಬರೇ: ನಾನು, ಮತ್ತೆ ಕಡೂರಿನವಳೇ ಒಬ್ಬ ಗೆಳತಿ. ಅವಳಿಗೆ ಮನೆಯಲ್ಲಿ ದಖ್ನಿ ಉರ್ದು, ನನ್ನ ಜೊತೆ ಕನ್ನಡ. ಹುಡುಗಿಯರ ಬೆಂಚಿನತ್ತ ಮೇಷ್ಟರು ಕಣ್ಣೆತ್ತಿ ನೋಡುತ್ತಿರಲಿಲ್ಲ. ಆಗ ಅದೇ ಮರ್ಯಾದೆ. ಆ ಮರ್ಯಾದೆಯ ಮರೆಯಲ್ಲಿ ಗೆಳತಿ ನಮ್ಮಿಬ್ಬರ ನಂಬರಿಗೂ ಎರಡು ದನಿಯಲ್ಲಿ "ಪ್ರೆಸೆಂಟ್ ಸಾರ್" ಎನ್ನತೊಡಗಿದಳು. ಹುಡುಗರು ಬಾಯಿ ಬಿಡಲಿಲ್ಲ. ಅವರಲ್ಲಿ ಅರ್ಧ ಜನರ ಹಾಜರಿಯೂ ಹಾಗೇ ನಡೆಯುತ್ತಿತ್ತು.

"ನಿನ್ ನಂಬರಿಗೆ ಸ್ವಲ್ಪ ಕೀರಲು ದನಿ ಮಾಡ್ತೀನಿ ಕಣೇ," ಎಂದಳು.

"ನಂದೇನು ಕೀರಲಾ?"

"ಓಡ್ಕೊಂಡ್ ಬಂದೋರ ದನಿ ಹಂಗೇ ಇರುತ್ತೆ."

ಒಂದು ಬೆಳಿಗ್ಗೆ ಯಾರೋ ಅತಿಥಿಯನ್ನು ಕರೆತರಲು ಪ್ರಿನ್ಸಿಪಾಲರೇ ಸ್ಟೇಷನ್ನಿಗೆ ಬಂದಿದ್ದರು. ತಡವಾಗಿ ಬಂದ ರೈಲಿನಿಂದ ನಾನು ಇಳಿದದ್ದನ್ನು ನೋಡಿದರು. ಕಾಲೇಜಿಗೆ ಹೋಗಿ ಹಾಜರಿ ಪುಸ್ತಕ ತೆಗೆದರೆ ನಾನು ಎಂಟಕ್ಕೇ ಹಾಜರ್. ಮೇಷ್ಟರನ್ನೂ ನನ್ನನ್ನೂ ಕರೆಸಿದರು.

"ಈ ಹುಡುಗಿ ಮೊದಲ್ನೇ ಪೀರಿಯಡ್ಡಲ್ಲಿ ಇದ್ದಳೇನ್ರೀ?"

"ದನಿ ಕೇಳಿಸ್ತು ಸಾರ್."

"ನೋಡಿದ್ರಾ?"

ಮೇಷ್ಟರ ಕಿವಿ ಕೆಂಪಾಯಿತು. "ಹೆಣ್ಮಕ್ಕಳನ್ನ ಹೆಂಗೆ ಸಾರ್ ನೋಡೋದು?"

ಪ್ರಿನ್ಸಿಪಾಲರು ಅಪ್ಪನಿಗೆ ಬರೆಯಲು ಕಾಗದ ಎಳೆದುಕೊಂಡರು. ನನಗೆ ತರೀಕೆರೆಯ ಓಲಗ ಕೇಳಿಸತೊಡಗಿತು. ಎರಡು ಸಾಲು ಬರೆದು ನಿಲ್ಲಿಸಿದರು. ಇರುವ ಇಬ್ಬರು ಹುಡುಗಿಯರಲ್ಲಿ ಒಬ್ಬಳು ಇಲ್ಲದ್ದು ತಿಂಗಳುಗಟ್ಟಲೆ ಕಾಲೇಜಿಗೆ ತಿಳಿಯಲೇ ಇಲ್ಲ ಎಂದು ಮೂರನೇ ಸಾಲಿನಲ್ಲಿ ಬರೆಯಬೇಕಿತ್ತು. ಪೆನ್ನಿಗೆ ಕ್ಯಾಪು ಹಾಕಿದರು.

"ರೈಲು ಎಷ್ಟೊತ್ತಿಗೆ ಬರುತ್ತಮ್ಮಾ?"

"ಎಂಟೂಕಾಲಿಗೆ ಸಾರ್. ಬಂದ್ರೆ."

ಮುಂದಿನ ವಾರ ಮೊದಲ ಪೀರಿಯಡ್ಡು ಎಂಟೂವರೆಗೆ ಸರಿಯಿತು. ಕಾರಣ ‘ಆಡಳಿತದ ಅನುಕೂಲಕ್ಕಾಗಿ’ ಎಂದು ನೋಟೀಸಿನಲ್ಲಿತ್ತು. ಆ ಅನುಕೂಲದಲ್ಲೇ ನಾನು ಬಿ.ಎ. ಮುಗಿಸಿದೆ.