ಒಂದೇ ಪ್ರವಾಹ ಹುಡುಕಿದವನು

ನಮ್ಮ ಶೆಡ್ಡಿನಲ್ಲಿ ಎಲ್ಲರೂ ಅವನನ್ನು ಮಣ್ಣುಬಾಯಿ ಎನ್ನುತ್ತಿದ್ದೆವು. ನೆಲ ಕೊರೆದು ತೆಗೆದ ಉದ್ದನೆಯ ಕಲ್ಲುಗಳನ್ನು ಟ್ರೇಗಳಲ್ಲಿ ಜೋಡಿಸಿಡುವ ಶೆಡ್ಡು ಅದು. ಅವನು ಅವನ್ನು ತೊಳೆದು, ಒಂದು ಚೂರನ್ನು ಮುಂದಿನ ಹಲ್ಲಿನಲ್ಲಿ ಕಡಿದು ನೋಡುತ್ತಿದ್ದ. ಕರಕರ ಎಂದರೆ ಹೂಳು, ನುಣ್ಣಗೆ ಜಾರಿದರೆ ಜೇಡಿ. ನಾನು ಪಕ್ಕದಲ್ಲಿ ಗರಗಸದಿಂದ ಆ ಕಲ್ಲು ಸೀಳುವವನು. ಎಷ್ಟು ಕಡಿದರೂ ನನಗೆ ಎಲ್ಲವೂ ಮಣ್ಣೇ.

ಕಳೆದ ಮಳೆಗಾಲದಲ್ಲಿ ಹೊಳೆ ಅವನ ಮನೆಗೆ ನುಗ್ಗಿ ಹೆಂಡತಿಯನ್ನು ಎಳೆದೊಯ್ದಿತು. ನೀರಿಳಿದ ಮೇಲೆ ಕೆಸರು ಬಾಚಲು ನಾವೂ ಹೋದೆವು. ಅವಳ ಮಂಚದ ಕೆಳಗಿನ ಕೆಸರನ್ನು ಅವನು ಒಂದು ಚಿಟಿಕೆ ಎತ್ತಿ ಬಾಯಿಗಿಟ್ಟು ಕಡಿದ. "ಹೂಳು," ಎಂದ. ಅವನ ಅತ್ತಿಗೆ ಕಿರುಚಿಕೊಂಡಳು. ತಲೆ ಕೆಟ್ಟಿದೆ ಎಂದು ಸುದ್ದಿ ಹಬ್ಬಿತು. ತಲೆಯೂ ಕೆಟ್ಟಿರಲಿಲ್ಲ, ಗಿಲೆಯೂ ಕೆಟ್ಟಿರಲಿಲ್ಲ, ಅದು ಕೆಲಸದ ಅಭ್ಯಾಸ. ಆಮೇಲೆ ಅವನು ಕರೆದರೆ ಉಂಡ, ಹೇಳಿದರೆ ಮಲಗಿದ.

ಮಣ್ಣುಬಾಯಿಯ ಅಣ್ಣ ಅವನನ್ನು ತನ್ನ ಮನೆಯಲ್ಲಿಟ್ಟುಕೊಂಡ. ಅಣ್ಣ ಪ್ರಾರ್ಥನಾಮಂದಿರದಲ್ಲಿ ಉಪದೇಶ ಮಾಡುವವನು. ದೇವರು ಕಳಿಸಿದ ಒಂದೇ ಮಹಾಪ್ರವಾಹದಲ್ಲಿ ಲೋಕದ ಕಲ್ಲುಪದರಗಳೆಲ್ಲ ಕೂತವು ಎನ್ನುವುದು ಅವನ ನಂಬಿಕೆ. ಒಂದು ದಿನ ನನ್ನೆದುರೇ ತಮ್ಮನಿಗೆ ಹೇಳಿದ.

"ನೀನು ಕಲ್ಲು ಬಲ್ಲವನು. ಭಾನುವಾರ ಎಲ್ಲರೆದುರು ಎದ್ದುನಿಂತು ಹೌದು ಅನ್ನು. ಪ್ರವಾಹ ದೇವರ ಕೆಲಸ ಅಂತಾದ್ರೆ, ನಿನ್ನ ಹೆಂಡ್ತಿ ಸುಮ್ಮಸುಮ್ನೆ ಹೋಗಲಿಲ್ಲ ಅಂತಾಗುತ್ತೆ ಕಣೋ."

ಇದನ್ನು ಕೇಳಿ ನನಗೆ ಮೈಯೆಲ್ಲ ಉರಿಯಿತು. ಉರಿಯುವ ಮನೆಯ ಗಳ ಹಿರಿಯುವುದು ಎಂದರೆ ಇದೇ. ಆದರೆ ಮಣ್ಣುಬಾಯಿಗೆ ಅದು ನಿಜವಾಗಲಿ ಎಂಬ ಆಸೆಯಿತ್ತು. ವಾರವಿಡೀ ಟ್ರೇಗಳನ್ನು ಇಳಿಸಿ ಇಳಿಸಿ ಆ ಒಂದೇ ಪ್ರವಾಹದ ಗುರುತು ಹುಡುಕಿದ. ಶನಿವಾರ ಅಣ್ಣನನ್ನೇ ಶೆಡ್ಡಿಗೆ ಕರೆಸಿದ.

"ನೋಡಣ್ಣ, ಕೆಳಗೆ ದಪ್ಪ ಮರಳು, ಮೇಲೆ ಹೋದ ಹಾಗೆ ನುಣುಪು. ಇದು ಪ್ರವಾಹದ್ದೇ."

ಅಣ್ಣನ ಮುಖ ಅರಳಿತು. "ನಾನು ಹೇಳಲಿಲ್ವಾ? ಬೆಟ್ಟದ ಮೇಲೆ ಕಡಲ ಚಿಪ್ಪು ಇನ್ನು ಹೇಗೆ ಬಂತು?"

"ಕಡಲತಳವೇ ನಿಧಾನಕ್ಕೆ ಮೇಲೆದ್ದು ಬೆಟ್ಟ ಆಗಿದ್ದು. ಈಗ ಇಲ್ಲಿ ನೋಡು. ಕೆಸರು ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿದೆ. ಹುಳ ಬಿಲ ಕೊರೆದಿದೆ. ಅದರ ಮೇಲೆ ಇನ್ನೊಂದು ಪ್ರವಾಹ, ಮತ್ತೆ ಬಿರುಕು, ಮತ್ತೆ ಹುಳ. ಕೊನೇವರೆಗೂ ಹೀಗೇ. ಒಂದೇ ನೀರೊಳಗೆ ಕೆಸರು ಹೇಗೆ ಒಣಗುತ್ತೆ?"

"ದೇವರಿಗೆ ಆಗದ್ದು ಯಾವುದಿದೆ?"

"ಆಗಬಹುದು. ಆಗಿದ್ದು ಇಲ್ಲಿ ಕಾಣಿಸ್ತಿಲ್ಲ."

ಅಣ್ಣ ಮೆಲ್ಲಗೆ ಹೇಳಿದ. "ನಾನು ಕಲ್ಲಿಗೋಸ್ಕರ ಕೇಳಲಿಲ್ಲ ಕಣೋ. ನಿನಗೆ ಹಿಡಿದುಕೊಳ್ಳೋಕೆ ಏನಾದ್ರೂ ಇರಲಿ ಅಂತ ಕೇಳಿದೆ."

"ಗೊತ್ತಣ್ಣ. ಅದಕ್ಕೇ ಇಷ್ಟು ಹುಡುಕಿದೆ."

ನನ್ನ ಉರಿ ಅಲ್ಲಿಗೇ ಆರಿತು.

ಅಣ್ಣ ಕಲ್ಲಿನ ಗೆರೆಗಳ ಮೇಲೆ ಬೆರಳಾಡಿಸಿದ. "ಅವಳನ್ನ ಒಯ್ದ ನೀರು ಇದರಲ್ಲಿ ಎಷ್ಟಾಗುತ್ತೆ?"

"ಒಂದು ಗೆರೆನೂ ಆಗಲ್ಲ," ಎಂದ ಮಣ್ಣುಬಾಯಿ. "ಆ ಕೆಸರನ್ನ ನಾವೇ ಬಾಚಿ ಹಾಕಿದ್ವಲ್ಲ."

ಅಳು ಬಂದದ್ದು ಅಣ್ಣನಿಗೆ. ಮಣ್ಣುಬಾಯಿ ಅವನಿಗೊಂದು ಲೋಟ ನೀರು ಕೊಟ್ಟು, ಟ್ರೇಗಳನ್ನು ಮತ್ತೆ ಮೇಲಿಡತೊಡಗಿದ.